ಕುಣಿಗಲ್ಲಿನಲ್ಲಿ ಮಾವ ಮಾಡಿದ ಪ್ರಾರ್ಥನೆ

ಬಸ್ಸು ಕೆಡಬಹುದಿತ್ತು. ಕೆಟ್ಟರೆ ಮಾವ ಡ್ರೈವರ್‌ನನ್ನು, "ಈಗ ಪ್ರಾರ್ಥನೆ ಮಾಡ್ತೀಯೋ, ಬಾನೆಟ್ ಎತ್ತುತ್ತೀಯೋ?" ಎಂದು ಕೇಳಬಹುದಿತ್ತು. ಹುಡುಗಿಯ ತಂದೆಯ ಕಿವಿಯಿಂದ ಕೋಳಿಮೊಟ್ಟೆ ತೆಗೆಯಬಹುದಿತ್ತು. ಯೋನನೆಂಬ ಪ್ರವಾದಿ ಮೀನಿನ ಹೊಟ್ಟೆಯಲ್ಲಿದ್ದ ಮೂರು ದಿನ ಏನು ತಿಂದ ಎಂದು ಅಲ್ಲಿನ ಪಾದ್ರಿಗಳನ್ನು ವಿಚಾರಿಸಬಹುದಿತ್ತು. ನಾನು ಹುಡುಗಿಯ ಸೀರೆಯ ಮೇಲೆ ಕಾಫಿ ಚೆಲ್ಲಬಹುದಿತ್ತು. ಹುಡುಗಿ ನನ್ನನ್ನು ನೋಡಿ ನಕ್ಕುಬಿಡಬಹುದಿತ್ತು.

ಹೆಣ್ಣು ನೋಡಲು ಕುಣಿಗಲ್ಲಿಗೆ ಹೋಗುವ ಹಿಂದಿನ ವಾರ, ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಕೂತು ಇವನ್ನೆಲ್ಲ ನಾನು ಒಂದೊಂದಾಗಿ ದೇವರ ಗಮನಕ್ಕೆ ತಂದಿದ್ದೆ. ನನ್ನ ಪ್ರಾರ್ಥನೆಗಳೇ ಹಾಗೆ. ಆಗಬಹುದಾದ ಅನಾಹುತಗಳ ಬಗ್ಗೆ ಮೇಲಿನವರಿಗೆ ಮುಂಚಿತವಾಗಿ ಕೊಡುವ ನೋಟಿಸು. ಗುಮಾಸ್ತನ ಪ್ರಾರ್ಥನೆ ಇನ್ನು ಹೇಗಿರುತ್ತದೆ ಹೇಳಿ?

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆಯಿತ್ತು. ದೇವರಿಗೆ ಅವರ ಮೇಲೆ ಇತ್ತೋ ಇಲ್ಲವೋ, ಅದು ನನಗೆ ಅನುಮಾನ. ಗುಬ್ಬಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಭಾನುವಾರ ಸಂಡೇ ಸ್ಕೂಲಿನ ಮೇಷ್ಟ್ರು, ಮಿಕ್ಕ ಸಮಯದಲ್ಲಿ ಜಾದೂಗಾರ. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ನನಗೆ ಕೆಲಸ ಸಿಗುವವರೆಗೆ ನಾನು, ಅಮ್ಮ ಅವರ ಮನೆಯಲ್ಲೇ ಇದ್ದೆವು. ಹಾಗಾಗಿ ಅವರ ಸಂಶೋಧನೆಗಳಿಗೆಲ್ಲ ನಾನು ಸಾಕ್ಷಿ.

ಪ್ರಾರ್ಥನೆಗೆ ನಿಜವಾಗಿ ಬಲವಿದೆಯೇ ಎಂದು ಪರೀಕ್ಷಿಸಲು ಒಮ್ಮೆ ಎರಡು ಕುಂಡದಲ್ಲಿ ಟೊಮೆಟೊ ಸಸಿ ನೆಟ್ಟರು. ಅದೇ ಮಣ್ಣು, ಅದೇ ನೀರು. ಬಲಗಡೆಯದಕ್ಕೆ ದಿನಾ ಬೆಳಿಗ್ಗೆ ಪ್ರಾರ್ಥನೆ, ಎಡಗಡೆಯದಕ್ಕೆ ಇಲ್ಲ. ಎರಡು ತಿಂಗಳಿಗೆ ಬಲಗಡೆಯದು ಮುದುರಿಕೊಂಡು ನಿಂತಿತು. ಎಡಗಡೆಯದು ಎದೆಯೆತ್ತರ ಬೆಳೆದು ಹೂ ಬಿಟ್ಟಿತು. ಮಾವ ಕಂಗಾಲಾಗಿ ಅತ್ತೆಯನ್ನು ಕರೆದರು.

"ನಾನು ಅದಕ್ಕೆ ದಿನಾ ಮಾಡ್ತಿದ್ದೆ ಕಣ್ರೀ," ಎಂದರು ಅತ್ತೆ.

"ಏನು ಮಾಡ್ತಿದ್ದೆ?"

"ಪ್ರಾರ್ಥನೆ. ನೀವು ಅದರ ಕಡೆ ತಿರುಗೂ ನೋಡ್ತಿರ್ಲಿಲ್ಲ. ಪಾಪ, ಅದೇನು ತಪ್ಪು ಮಾಡಿತ್ತು?"

ಪ್ರಯೋಗ ಹಾಳಾಯಿತು ಎಂಬುದಕ್ಕಿಂತ, ಹೆಂಡತಿಯ ಪ್ರಾರ್ಥನೆಗೆ ತಮ್ಮದಕ್ಕಿಂತ ಹೆಚ್ಚು ಬೆಲೆ ಬಂತಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ಮಾವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಮೇಕೆ ಬಂದು ಎರಡೂ ಗಿಡ ತಿಂದು ಹೋಯಿತು.

"ಇದು ಯಾರ ಪ್ರಾರ್ಥನೆ ಫಲ?" ಎಂದರು ಮಾವ.

"ಮೇಕೇನೂ ಏನೋ ಕೇಳ್ಕೊಂಡಿರುತ್ತೆ, ಬುಡಿ."

ಇನ್ನೊಮ್ಮೆ ಸಂಡೇ ಸ್ಕೂಲಿನಲ್ಲಿ, ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಪಾಠ. ಮಾವ ಹೈಸ್ಕೂಲಿನ ಲ್ಯಾಬಿನಿಂದ ಎರಡು ಬಾಟಲಿ ತಂದು, ಒಂದರ ನೀರನ್ನು ಇನ್ನೊಂದಕ್ಕೆ ಸುರಿದು ಕೆಂಪು ಮಾಡಿ ತೋರಿಸಿದರು. "ಇದು ಜಾದೂ. ಹಂಗಾದ್ರೆ ಅದು ಏನು? ಯೋಚ್ನೆ ಮಾಡ್ಕೊಂಡು ಬನ್ನಿ," ಎಂದು ಮಕ್ಕಳನ್ನು ಕಳಿಸಿದರು. ಯೋಚನೆ ಯಾರೂ ಮಾಡಲಿಲ್ಲ. ಸುದ್ದಿ ಮಾತ್ರ ಊರೆಲ್ಲ ಹಬ್ಬಿತು. ಸಂಜೆ ಒಬ್ಬ ಅಜ್ಜಿ ಕೊಡ ಹೊತ್ತುಕೊಂಡು ಬಂದು ಜಗಲಿಯ ಮೇಲೆ ಇಳಿಸಿದಳು.

"ಬಣ್ಣ ಗಿಣ್ಣ ಬ್ಯಾಡ ಕಣಪ್ಪ. ಸೀಮೆಎಣ್ಣೆ ಮಾಡ್ಕೊಡು. ರೇಷನ್ ಅಂಗ್ಡೀಲಿ ಬಂದಿಲ್ಲ."

ಮಾವ ಕೊಡದೊಳಗೆ ಬಗ್ಗಿ ನೋಡಿದರು. ಅಜ್ಜಿ ಹೋದ ಮೇಲೆ ನನ್ನನ್ನು ಕೇಳಿದರು: "ಆಯಮ್ಮ ಕೇಳಿದ್ದು ಜಾದೂನಾ, ಪ್ರಾರ್ಥನೆನಾ?" ನನಗೇನು ಗೊತ್ತು? ಆ ಕೊಡದಲ್ಲಿ ಅಕಸ್ಮಾತ್ ಸೀಮೆಎಣ್ಣೆ ಬಂದು, ಯಾರಾದರೂ ಪಕ್ಕದಲ್ಲಿ ಬೀಡಿ ಹಚ್ಚಿದ್ದರೆ ಗತಿಯೇನು ಎಂದು ನಾನು ಹೆದರಿಕೊಂಡು ಕೂತಿದ್ದೆ.

ಇಂಥವರು ನನಗಾಗಿ ಹೆಣ್ಣು ನೋಡಲು ಬರಬೇಕಿತ್ತು. ಬರುವುದಷ್ಟೇ ಅಲ್ಲ, ಪ್ರಾರ್ಥನೆಯನ್ನೂ ಮಾಡಬೇಕಿತ್ತು. ನಮ್ಮಲ್ಲಿ ಹೆಣ್ಣಿನ ಮನೆಯಲ್ಲಿ ಕಾಫಿ ಮುಟ್ಟುವ ಮುಂಚೆ ಹುಡುಗನ ಕಡೆಯ ಹಿರಿಯರು ಎದ್ದು ನಿಂತು ಪ್ರಾರ್ಥಿಸುವುದು ವಾಡಿಕೆ. ಹುಡುಗಿಯ ತಂದೆ ಕುದುರೆ ಫಾರಮ್ಮಿನಲ್ಲಿದ್ದು ನಿವೃತ್ತರಾದವರು. ಕುದುರೆಯ ಹಲ್ಲು ನೋಡಿದ ಹಾಗೆ ಜನರ ಪ್ರಾರ್ಥನೆ ನೋಡುತ್ತಿದ್ದರು. ಬರೀ ಅದೇ ಕಾರಣಕ್ಕೆ ಎರಡು ಸಂಬಂಧ ವಾಪಸ್ಸು ಕಳಿಸಿದ್ದರಂತೆ. ಒಬ್ಬರದು ತೀರಾ ಚಿಕ್ಕದಾಯಿತು, ಇನ್ನೊಬ್ಬರದು ಬಾಯಿಪಾಠದಂತಿತ್ತು. ನನಗೋ ಮೂವತ್ತು ದಾಟಿತ್ತು. ಸಾಲದ್ದಕ್ಕೆ ಆ ಹುಡುಗಿಯನ್ನು ತುಮಕೂರಿನ ಒಂದು ಮದುವೆಯಲ್ಲಿ ಮೊದಲೇ ನೋಡಿ, ಆಮೇಲೆ ಊಟ ಸೇರದೆ ನಾಲ್ಕು ಕೆ.ಜಿ. ಇಳಿದಿದ್ದೆ.

ಬಸ್ಸಿನಲ್ಲಿ ಅಮ್ಮ ಮಾವನ ಕಡೆ ತಿರುಗಿದರು. "ಅಲ್ಲಿ ಪ್ರಶ್ನೆ ಗಿಶ್ನೆ ಎತ್ತಬ್ಯಾಡ ಕಣೋ. ಈ ಹುಡುಗನ ಬಾಳು ನಿನ್ನ ಬಾಯಲ್ಲೈತೆ."

"ಆಯ್ತು ಬುಡಕ್ಕ, ಮಾತು ಕೊಟ್ಟಿದೀನಿ. ದೇವ್ರುನ್ನ ಏನೂ ಕೇಳಲ್ಲ."

"ದೇವ್ರುನ್ನ ಕೇಳೋ ಮಾರಾಯ. ಮನುಷ್ಯರನ್ನ ಕೇಳ್ಬ್ಯಾಡ."

ಬಸ್ಸು ಕೆಡಲಿಲ್ಲ. ಮೊಟ್ಟೆಯೂ ಹೊರಬರಲಿಲ್ಲ. ಮೇಜಿನ ಮೇಲೆ ಕೋಡುಬಳೆ ಬಂತು. ಹುಡುಗಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಅವಳ ತಂದೆ ಮಾವನತ್ತ ನೋಡಿ, "ಸಾರ್, ಪ್ರಾರ್ಥನೆ," ಎಂದರು. ಎಲ್ಲರೂ ಕಣ್ಣು ಮುಚ್ಚಿದೆವು. ಪ್ರಾರ್ಥಿಸುವವರು 'ಆಮೆನ್' ಎಂದು ಮುಗಿಸುವವರೆಗೆ ನಮ್ಮಲ್ಲಿ ಕಣ್ಣು ತೆರೆಯುವಂತಿಲ್ಲ.

"ಕರ್ತನೇ," ಎಂದರು ಮಾವ. "ಇವನಿಗೆ ಅಪ್ಪ ಇಲ್ಲ. ಅವತ್ತು ಆಸ್ಪತ್ರೆ ವರಾಂಡದಲ್ಲಿ ನಿಂತ್ಕೊಂಡು, ಭಾವನ್ನ ಉಳಿಸು ಅಂತ ನಿನ್ನ ಕೇಳಿದ್ದೆ. ನೀನು ಉಳಿಸಲಿಲ್ಲ. ಯಾಕೆ ಅಂತ ಅವತ್ತಿಂದ ಕೇಳ್ತಾನೇ ಇದೀನಿ. ಇವತ್ತು ಕೇಳಲ್ಲ, ಅಕ್ಕಂಗೆ ಮಾತು ಕೊಟ್ಟಿದೀನಿ. ಈ ಹುಡುಗ ಎಲ್ಲದಕ್ಕೂ ಹೆದರ್ತಾನೆ. ಹೆದರದೇ ಇರೋರು ಒಬ್ರು ಇವನ ಪಕ್ಕದಲ್ಲಿರ್ಲಿ. ನಾನು ಎಷ್ಟು ದಿನ..."

ಅಲ್ಲಿಗೆ ದನಿ ನಿಂತಿತು.

ನಾವು ಕಾದೆವು. ಗಡಿಯಾರದ ಸದ್ದು ಕೇಳುತ್ತಿತ್ತು. ಮಾವನಿಗೆ ಏನಾದರೂ ಆಗಿಹೋಯಿತೇ ಎಂದು ನಾನು ಒಂದೇ ಕಣ್ಣು ತೆರೆದೆ. ಎದುರಿಗೆ ಹುಡುಗಿಯ ತಂದೆಯೂ ಒಂದೇ ಕಣ್ಣು ತೆರೆದಿದ್ದರು. ಇಬ್ಬರೂ ಸಿಕ್ಕಿಬಿದ್ದು ಪಟಕ್ಕನೆ ಮುಚ್ಚಿಕೊಂಡೆವು. ಕಾಫಿ ಕೆನೆಗಟ್ಟುತ್ತಿತ್ತು. ಇದ್ದಕ್ಕಿದ್ದಂತೆ ಕಟುಂ ಎಂದು ಸದ್ದಾಯಿತು. ಎಲ್ಲರ ಕಣ್ಣೂ ಒಟ್ಟಿಗೆ ತೆರೆದವು. ಮಾವ ಕುರ್ಚಿಯಲ್ಲಿ ಕೂತು, ಒದ್ದೆ ಮುಖದಲ್ಲಿ, ಕೋಡುಬಳೆ ಕಡಿಯುತ್ತಿದ್ದರು.

ಹುಡುಗಿಯ ತಂದೆ ಕೋಡುಬಳೆಯ ತಟ್ಟೆಯನ್ನು ಮಾವನತ್ತ ಇನ್ನಷ್ಟು ಸರಿಸಿದರು. "ಇಂಥ ಪ್ರಾರ್ಥನೆ ನಾನು ಕೇಳಿರ್ಲಿಲ್ಲ. ಆದ್ರೆ ಸಾರ್, ನೀವು ಆಮೆನ್ ಹೇಳ್ಲಿಲ್ಲ."

"ಇನ್ನೂ ಮುಗಿದಿಲ್ಲ ಸಾರ್," ಎಂದರು ಮಾವ, ಬಾಯಿ ತುಂಬ ಕೋಡುಬಳೆ ಇಟ್ಟುಕೊಂಡು.

ಆ ದಿನ ಆದ ಅನಾಹುತ ಅದೊಂದೇ. ಸಂಬಂಧ ಕೂಡಿತು, ಮದುವೆಯಾಯಿತು. ಹೆಂಡತಿ ಯಾವುದಕ್ಕೂ ಹೆದರುವವಳಲ್ಲ. ಹಾಗಾಗಿ ಈಗ ನಾನು ಅವಳ ಪಾಲಿನದನ್ನೂ ಸೇರಿಸಿ ಹೆದರಬೇಕಾಗಿದೆ.

ಹೋದ ವರ್ಷ ಮಾವ ಗುಬ್ಬಿಯಲ್ಲಿ ತೀರಿಕೊಂಡರು. ಸಮಾಧಿಯ ಬಳಿ ಪಾದ್ರಿಗಳು ಪ್ರಾರ್ಥನೆ ಮುಗಿಸಿದಾಗ ಎಲ್ಲರೂ ಆಮೆನ್ ಎಂದರು. ಹೆಂಡತಿ ಮೊಣಕೈಯಿಂದ ತಿವಿದಳು. ನಾನು ಬಾಯಿ ಬಿಡಲಿಲ್ಲ. ಆಮೆನ್ ಅಂದುಬಿಟ್ಟರೆ ಎಲ್ಲಿ ಮಾವನ ಆ ಕುಣಿಗಲ್ಲಿನ ಪ್ರಾರ್ಥನೆಯೂ ಮುಗಿದುಹೋಗುತ್ತದೋ ಎಂದು ಹೆದರಿಕೆ.