ಗುಲಾಬಿ ನೀರಿನ ಅಭಿಷೇಕ

ಇವತ್ತು ಸಿಟ್ಟು ಮಾಡುವುದಿಲ್ಲ ಎಂದು ದಿನಾ ಸಂಕಲ್ಪ ಮಾಡುವವನ ಹತ್ತಿರವೇ ದೇವರು ಸಿಟ್ಟು ಬರಿಸುವವರನ್ನು ಹುಡುಕಿ ಕಳಿಸುತ್ತಾನೆ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಸಹಾಯಕ. ಬೆಳಗ್ಗೆ ಕಾಲುವೆ ದಂಡೆಯ ಈಶ್ವರನ ಪೂಜೆಯೂ ನನ್ನದೇ. ಅಭಿಷೇಕಕ್ಕೆ ಕಾಲುವೆ ನೀರು. ಅಜ್ಜನ ಕಾಲದ ಪದ್ಧತಿ. ಕಾಲುವೆಯ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಶೆಡ್ಡು ಬಂತು. ಬಟ್ಟೆ ಹಂಪಿ ಬಜಾರಿಗೆ, ಬಣ್ಣದ ನೀರು ಕಾಲುವೆಗೆ. ನಮ್ಮ ಲಿಂಗ ಒಂದು ದಿನ ಗುಲಾಬಿ, ಒಂದು ದಿನ ನೀಲಿ.

ಹಲ್ಲುಪುಡಿ

ಕಂಪ್ಲಿಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತಂದು, ಗಾಳಿಯಾಡದಂತೆ ಸುಟ್ಟು ಕರಿಪುಡಿ ಮಾಡಿದೆ. ನೀರು ಅದರೊಳಗಿಂದ ಇಳಿದರೆ ಬಣ್ಣ ಪುಡಿಗೆ ಅಂಟಿಕೊಳ್ಳುತ್ತದೆ. ಒಂದು ಡ್ರಮ್ ತುಂಬಿ ಶೆಡ್ಡಿನ ಮೋರಿಗೆ ಕೂರಿಸಿಕೊಟ್ಟೆ. ಮೂರನೇ ದಿನ ಡ್ರಮ್ ಖಾಲಿ.

"ಪುಡಿ ಎಲ್ಲಿ ಹೋತವ್ವಾ?"

ಶೆಡ್ಡಿನ ಕೆಲಸದಾಕೆ ನಕ್ಕಳು. "ಹಲ್ಲುಜ್ಜಾಕ ಭಾಳ ಚಲೋ ಐತ್ರಿ ಸ್ವಾಮೇರ. ಓಣಿಗೆಲ್ಲಾ ಹಂಚೀನಿ."

ಬೈಯಲು ಬಾಯಿ ತೆರೆದೆ. ಅವಳು ನನ್ನ ಹಲ್ಲು ನೋಡಿ, "ನಿಮಗೂ ಒಂದೀಟು ತೆಗೆದಿಟ್ಟೀನ್ರಿ" ಅಂದಳು.

ತೊಳೆದ ಪುಡಿ

ಮತ್ತೆ ಸುಟ್ಟೆ, ಮತ್ತೆ ತುಂಬಿದೆ. "ಬಣ್ಣ ಕುಡಿದ ಪುಡಿ ತೆಗೆದು ಹೊಸದು ಹಾಕ್ರಿ" ಎಂದು ಮಾಲೀಕನಿಗೆ ಹೇಳಿದೆ. ವಾರದಲ್ಲಿ ಕಾಲುವೆ ಕರ್ರಗಾಯಿತು. ಹೋಗಿ ನೋಡಿದರೆ ಅವನು ಆ ಪುಡಿಯನ್ನು ಗೋಣಿಚೀಲದಲ್ಲಿ ಕಟ್ಟಿ ಕಾಲುವೆಯಲ್ಲೇ ಜಾಲಾಡಿಸುತ್ತಿದ್ದ.

"ಹೊಲಸಾಗಿತ್ರಿ. ದೇವರ ನೀರಿನ ಕೆಲಸ, ತೊಳದು ಹಾಕೂಣು ಅಂದೆ."

ಸಿಟ್ಟು ಇಳಿಯಲೆಂದು ನೂರೆಂಟು ಜಪ ಮಾಡಿದೆ. ಬಾಯಲ್ಲಿ ಶಿವನ ಹೆಸರು, ಮನಸ್ಸಿನಲ್ಲಿ ಅವನದು.

ತೀರ್ಥ

ಆಮೇಲೆ ಅವನು ಡ್ರಮ್ಮನ್ನೇ ಕಿತ್ತು ಮೂಲೆಗಿಟ್ಟ. ನಾನು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದೆ. ಒಂದು ಸೋಮವಾರ ತಪಾಸಣೆಗೆ ಅಧಿಕಾರಿ ಬಂದರು. ಮಾಲೀಕ ಅವರನ್ನು ಶೆಡ್ಡಿಗಲ್ಲ, ಗುಡಿಗೇ ಕರೆತಂದ. ದರ್ಶನಕ್ಕೆಂದು ಅವನ ತಾಯಿಯೂ ಬಂದಿದ್ದರು.

"ನಮ್ಮ ನೀರು ಎಷ್ಟು ಶುದ್ಧ ಅಂದ್ರ ಸಾಹೇಬ್ರ, ಸ್ವಾಮೇರು ಇದರಾಗ ಅಭಿಷೇಕ ಮಾಡ್ತಾರ."

ನಾನು ಅಭಿಷೇಕ ಮುಗಿಸಿ, ಲಿಂಗದಿಂದ ಇಳಿದ ಗುಲಾಬಿ ನೀರನ್ನು ಉದ್ಧರಣೆಯಲ್ಲಿ ತುಂಬಿ ಅವನ ಮುಂದೆ ಹಿಡಿದೆ. "ತೀರ್ಥ ತಗೋರಿ."

ಅವನು ಕೈ ಚಾಚಲಿಲ್ಲ. ತೀರ್ಥ ಒಲ್ಲೆ ಅನ್ನುವ ಹಾಗೂ ಇಲ್ಲ. ಅಷ್ಟರಲ್ಲಿ ಅವನ ತಾಯಿ, "ಅತ್ಲಾಗ ಸರಿಯಲೇ, ನನಗ ಹಾಕ್ರಿ" ಎಂದು ಬೊಗಸೆ ಒಡ್ಡಿದರು. ನಾನು ಉದ್ಧರಣೆ ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಅವನು ಅವರ ಕೈ ಹಿಡಿದ.

"ಯವ್ವಾ, ಕುಡೀಬ್ಯಾಡ."

"ಯಾಕಲೇ? ತೀರ್ಥ ಅದು."

"ತೀರ್ಥ ಅಲ್ಲಬೇ, ನಮ್ಮ ಶೆಡ್ಡಿಂದು."

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. "ಇನ್ನೊಂದ್ಸಲ ಹೇಳ್ರಿ, ಬರ್ಕೋತೀನಿ."