ಮಾವನ ನಾಲಿಗೆಯ ನರ

ನನ್ನ ಸೋದರಮಾವನಿಗೆ ಯಾವುದರ ಭಯವೂ ಇಲ್ಲ! ಮೂವತ್ತು ವರ್ಷ ಬೆಳಗಿನ ಗರ್ದಿಯಲ್ಲಿ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ರೈಲು ಹತ್ತಿದವರಿಗೆ ಇನ್ನು ಯಾವ ಭಯ ಉಳಿದೀತು? ಉಳಿದದ್ದು ಒಂದೇ, ಹಲ್ಲಿನ ಡಾಕ್ಟರು ಕೊಡುವ ಜೋಮಿನ ಇಂಜೆಕ್ಷನ್ನು.

ನೋವಿಗಲ್ಲ. ಆ ಔಷಧಿಯಿಂದ ನಾಲಿಗೆಯ ನರ ಸತ್ತೇ ಹೋದರೆ? ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿದ್ದರೂ ಮಾವ ಇದೊಂದು ಪ್ರಶ್ನೆ ಹಿಡಿದು ಠಾಣೆ, ವಾಶಿ ಎಂದು ಊರೂರಿನ ಕ್ಲಿನಿಕ್ಕು ಸುತ್ತಿದರು. ಪ್ರಶ್ನೆ ಕೇಳಲು ತೆರೆದ ಬಾಯಿಯನ್ನು ಹಲ್ಲು ತೋರಿಸಲು ಮಾತ್ರ ಎಲ್ಲಿಯೂ ತೆರೆಯಲಿಲ್ಲ. ಲವಂಗ ಕಚ್ಚಿಕೊಂಡೇ ಹೋಗಿ, ಲವಂಗ ಕಚ್ಚಿಕೊಂಡೇ ಬಂದರು.

ನಗಬೇಡಿ, ಆ ನಾಲಿಗೆಗೆ ಕೆಲಸ ಜಾಸ್ತಿ. ಪಾರ್ಶ್ವವಾಯು ಹೊಡೆದ ಮೇಲೆ ಅತ್ತೆಯ ಮಾತು ತೊದಲುತ್ತದೆ. ಮಾವನಿಗೆ ಬಿಟ್ಟರೆ ನಮಗ್ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಹಾಲಿನವನಿಗೆ, ಡಾಕ್ಟರಿಗೆ, ನೆರೆಯವರಿಗೆ ಎಲ್ಲ ಮಾವನದೇ ಅನುವಾದ. ಅತ್ತೆ ಎರಡು ಮಾತಾಡಿದರೆ ಅನುವಾದ ಹತ್ತು ವಾಕ್ಯ! ಅದರ ಕೊನೆಗೆ, "ಮಧ್ಯಾಹ್ನಕ್ಕೆ ಬಂಗುಡೆ ತರಬೇಕಂತೆ" ಎಂದು ತಮ್ಮದೂ ಒಂದು ಸೇರಿಸುತ್ತಾರೆ. ಅತ್ತೆ ಕಣ್ಣು ಬಿಟ್ಟು ನೋಡುತ್ತಾರೆ.

"ನೋವು ಹೇಗೂ ತಡೀಬಹುದು ಮಾರಾಯ್ತಿ. ಈ ನಾಲಿಗೆ ಹೋದ್ರೆ ಅವಳು ಹೇಳಿದ್ದನ್ನು ನಿಮಗೆ ಹೇಳುವವರು ಯಾರುಂಟು?" ಎಂದು ನನ್ನನ್ನೇ ಕೇಳಿದರು.

ಕೊನೆಗೆ ಒಂದು ಶನಿವಾರ ನಾನೇ ಕಲ್ಯಾಣದ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಮರಾಠಿ ಹುಡುಗಿ, ತಾಳ್ಮೆಯವಳು. ಔಷಧಿ ನರವನ್ನು ಮಲಗಿಸುತ್ತದೆ, ಕೆಲವು ಗಂಟೆಯಲ್ಲಿ ಅದು ತಾನಾಗಿ ಏಳುತ್ತದೆ, ಜೋಮು ಬಹಳ ದಿನ ಉಳಿಯುವುದು ತೀರಾ ಅಪರೂಪ, ಅದೂ ಹೆಚ್ಚಾಗಿ ಸರಿಹೋಗುತ್ತದೆ ಎಂದು ಬಿಡಿಸಿ ಹೇಳಿದಳು. ಮಾವನ ಕಿವಿಗೆ ಬಿದ್ದದ್ದು 'ಅಪರೂಪ' ಒಂದೇ! ಪ್ಲಾಟ್‌ಫಾರ್ಮಿನಲ್ಲಿ ಒಂದೇ ಫ್ಯಾನು ಕೆಟ್ಟಿದ್ದರೂ ಅದರ ಕೆಳಗೆ ನಿಲ್ಲುವವನು ನಾನೇ, ಆ ಅಪರೂಪದವನೂ ನಾನೇ ಎಂದು ಎದ್ದರು. ಅಷ್ಟರಲ್ಲಿ ಹಲ್ಲು ಒಮ್ಮೆ ಚಳಕ್ ಎಂದಿತು. ಕೂತರು.

ಇಂಜೆಕ್ಷನ್ನೂ ಆಯಿತು, ಹಲ್ಲೂ ಸಲೀಸಾಗಿ ಕಿತ್ತು ಬಂತು. ವಾಪಸು ಬರುವಾಗ ಲೋಕಲಿನಲ್ಲಿ ಮಾವ ತಮ್ಮ ಭಾಷೆಗಳ ತಪಾಸಣೆಗೆ ಇಳಿದರು. ಗೊಣಗೊಣ ಗೊಣಗಿ, ಠಾಕುರ್ಲಿ ಸ್ಟೇಷನ್ನು ಬರುವಾಗ ಮೊಬೈಲಿನಲ್ಲಿ ವರದಿ ಬರೆದು ತೋರಿಸಿದರು: 'ತುಳು ಉಂಟು. ಕನ್ನಡ ಅರ್ಧ. ಮರಾಠಿ ಪೂರ್ತಿ ಹೋಯಿತು.' ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಎದುರಿಗೆ ಕಿಟಕಿ ಪಕ್ಕ ಕೂತಿದ್ದವನು, ಮಾವ ಹಗಲಲ್ಲೇ ಕುಡಿದಿದ್ದಾರೆ ಎಂದುಕೊಂಡು ಸರಕ್ಕನೆ ಎದ್ದುಹೋದ. ಮೂವತ್ತು ವರ್ಷದಲ್ಲಿ ಸಿಗದ ಕಿಟಕಿ ಪಕ್ಕದ ಸೀಟು!

ಮನೆಗೆ ಬಂದವರೇ ಅತ್ತೆಯ ಎದುರು ಕೂತು ಏನೋ ಹೇಳಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಅತ್ತೆ ಮಾತ್ರ ತಲೆಯಾಡಿಸುತ್ತ ಕೇಳಿ, ತಮ್ಮ ಸೆರಗಿನಿಂದ ಮಾವನ ಬಾಯಿ ಒರೆಸಿದರು. ಏನಂತೆ ಎಂದು ಕೇಳಿದೆ. ಅತ್ತೆ ಒಂದೊಂದೇ ಶಬ್ದ ಹುಡುಕಿ ಹೇಳಿದರು:

"ಮಾತಿಗೆ... ಇಷ್ಟು ಕಷ್ಟ ಉಂಟು ಅಂತ... ಗೊತ್ತಿರ್ಲಿಲ್ಲ... ಅಂತಾರೆ."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಸಂಜೆಗೆ ನರ ಎದ್ದಿತು. ಮೂರೂ ಭಾಷೆ ಸರಿಯಾಗಿ ಹೊರಳತೊಡಗಿದವು. ಆ ಹೊತ್ತಿಗೆ ಪಕ್ಕದ ಮನೆಯ ಮರಾಠಿ ಹೆಂಗಸು ಕಾಕೂ ಬಂದು, ಅತ್ತೆ ಹೇಗಿದ್ದಾರೆ ಎಂದು ರೂಢಿಯಂತೆ ಮಾವನನ್ನೇ ಕೇಳಿದರು. ಮಾವ ಬಾಯಿ ತೆರೆಯಲಿಲ್ಲ. ಅತ್ತೆಯ ಕಡೆ ಕೈ ತೋರಿಸಿ ಸುಮ್ಮನೆ ಕೂತರು. ಅತ್ತೆ ತಡವರಿಸಿದರು, ನಿಂತರು, ಮತ್ತೆ ಶುರು ಮಾಡಿದರು. ಚೆನ್ನಾಗಿದ್ದೇನೆ ಎಂದು ಅತ್ತೆ ತಾವೇ ಹೇಳಿ ಮುಗಿಸುವವರೆಗೂ ಮಾವ ಕಾದರು.