ಜೋಳದ ಚೀಲವೂ ನನ್ನ ಮುಂಗೈಯೂ

"ಈ ಸಲ ಚೀಲ ನಾನs ಎತ್ತತೇನಿ!"

ಹೀಗೆಂದು ನಾನು ಗರ್ಜಿಸಿದ್ದು ಯಾವ ರಣರಂಗದಲ್ಲೂ ಅಲ್ಲ. ಬ್ಯಾಡಗಿಯ ನಮ್ಮ ಮನೆಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ, ಬರೀ ಬನಿಯನ್ನಿನಲ್ಲಿ ನಿಂತು! ಒಳಗೆ ನನ್ನ ಹೆಂಡತಿ ಪುಷ್ಪಲತಾ ರೊಟ್ಟಿ ಬಡಿಯುತ್ತಿದ್ದಳು. ಊರಿನ ಒಂದು ಖಾನಾವಳಿಗೆ ದಿನಾ ನೂರಿಪ್ಪತ್ತು ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು. ಗರ್ಜನೆ ಕೇಳಿಯೂ ಬಡಿತ ನಿಲ್ಲಲಿಲ್ಲ.

"ಯಾವ ಚೀಲಾರಿ? ಸಂತಿ ಚೀಲಾನ?"

"ಹಲಗೇರಿ ಚೀಲ!"

ಈಗ ಬಡಿತ ನಿಂತಿತು.

ಹಲಗೇರಿ ಚೀಲದ ಮಹಿಮೆಯನ್ನು ನಿಮಗೆ ಹೇಳಲೇಬೇಕು. ರಾಣೇಬೆನ್ನೂರಿನ ಪಕ್ಕದ ಹಲಗೇರಿ ನನ್ನ ಹೆಂಡತಿಯ ತವರು. ಆ ಮನೆತನದವರು ಯಾರೇ ಹೊಸ ಮನೆ ಕಟ್ಟಲಿ, ಒಳಗೆ ಹೋಗುವ ಮೊದಲ ಜೋಳದ ಚೀಲವನ್ನು ಹಿರೇ ಅಳಿಯನೇ ಎತ್ತಿ, ಹೊಸ್ತಿಲು ದಾಟಿಸಿ, ದೇವರ ಕೋಣೆಯ ಮುಂದೆ ಇಡಬೇಕು. ಚೀಲದ ತೂಕ ಐವತ್ತು ಕೆ.ಜಿ. ಹಿರೇ ಅಳಿಯ ನಾನು. ನನ್ನ ತೂಕ ಐವತ್ತೆಂಟು!

ಆರು ವರ್ಷದ ಹಿಂದೆ ದೊಡ್ಡ ಭಾವನ ಮನೆ ಹೊಗುವಾಗ "ನಡ ಹಿಡಿದೈತಿ" ಎಂದು ಸುಳ್ಳು ಹೇಳಿ ಕುರ್ಚಿಯ ಮೇಲೆ ಕುಳಿತುಬಿಟ್ಟಿದ್ದೆ. ಕಿರೇ ಅಳಿಯ ಪ್ರವೀಣಕುಮಾರ ಹೂವಿನ ಬುಟ್ಟಿ ಎತ್ತಿದ ಹಾಗೆ ಚೀಲ ಎತ್ತಿಕೊಂಡು ಒಳಗೆ ನಡೆದಿದ್ದ. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು 'ಪೆನ್ನಿನ ಅಳಿಯ'. ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಆ ಹೆಸರಿನಿಂದ ಬೇಸರವೇನೂ ಆಗಲಿಲ್ಲ. ಆದರೆ ಅವತ್ತು ಹೆಂಗಸರ ಗುಂಪಿನಲ್ಲಿ ನಿಂತಿದ್ದ ಪುಷ್ಪಲತಾ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಅದನ್ನು ಮಾತ್ರ ನಾನು ಮರೆತಿಲ್ಲ.

ಈಗ ಸಣ್ಣ ಭಾವನೂ ಮನೆ ಕಟ್ಟಿಸಿದ್ದ. ಪ್ರವೇಶಕ್ಕೆ ಮೂರು ವಾರ ಇತ್ತು. ಅವಳ ತಲೆ ಇನ್ನೊಮ್ಮೆ ತಗ್ಗಬಾರದು, ಅಷ್ಟೇ!

ಮರುದಿನವೇ ಹಾವೇರಿಯಲ್ಲಿ ಕಚೇರಿ ಮುಗಿಸಿ ನೆಟ್ಟಗೆ ಜಿಮ್ಮಿಗೆ ಹೋದೆ. ಅಲ್ಲಿಯ ಗುರು ಖಲಂದರ. ವಯಸ್ಸು ಇಪ್ಪತ್ತಾರು, ತೋಳು ನನ್ನ ತೊಡೆಯಷ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಗು ನುಂಗಿಕೊಂಡು ಹೇಳಿದ.

"ಕಾಕಾ, ಮೊದಲನೇ ವಾರ ಬರೇ ರಾಡ್ ಎತ್ರಿ. ಅದರ ಕುತ್ತಿಗಿ ಹಿಚುಕಿದಂಗ ಹಿಡೀಬ್ಯಾಡ್ರಿ. ಮಣಿಕಟ್ಟು ನೆಟ್ಟಗಿರ್ಲಿ. ಮುಂಗೈಗೆ ತ್ರಾಸ ಆತಂದ್ರ ಅಲ್ಲೇ ಬಿಟ್ಟಬಿಡ್ರಿ."

ಎಂಥ ಚಿನ್ನದಂಥ ಮಾತು! ಒಂದನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ದಿನ ಖಲಂದರ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದಾಗ, ರಾಡಿನ ಎರಡೂ ತುದಿಗೆ ಹದಿನೈದು ಹದಿನೈದು ಕೆ.ಜಿ. ಬಿಲ್ಲೆ ಸಿಕ್ಕಿಸಿದೆ. ರಾಡಿನ ಕುತ್ತಿಗೆಯನ್ನು ಚೆನ್ನಾಗಿ ಹಿಚುಕಿದೆ. ಎತ್ತಿದೆ! ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿ ಮೈಮರೆತೆ. ಅಷ್ಟರಲ್ಲಿ ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಯಾರೋ ತಂತಿ ಮೀಟಿದ ಹಾಗೆ ಝಣ್ ಎಂದಿತು. ಎಡಗೈ ತಾನೇಕೆ ಹಿಂದೆ ಬೀಳಲಿ ಎಂದು ಅದೂ ಝಣ್ ಎಂದಿತು.

"ಹದಿನೈದು ದಿನ ಏನೂ ಎತ್ತಬ್ಯಾಡ್ರಿ ಕಾಕಾ," ಎಂದ ಖಲಂದರ. "ಹಂಗೂ ಕಡಿಮಿ ಆಗ್ಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ. ಮನ್ಯಾಗೂ ಹೇಳಿಬಿಡ್ರಿ."

"ಮನ್ಯಾಗ ಹೇಳೂದಾ? ಜೀವ ಹೋದ್ರೂ ಇಲ್ಲ!"

ಹದಿನೈದು ದಿನ ಸುಮ್ಮನಿದ್ದಿದ್ದರೆ ಗುಣವಾಗುತ್ತಿತ್ತೇನೋ. ಆದರೆ ಗೃಹಪ್ರವೇಶ ಹದಿನೇಳು ದಿನಕ್ಕೆ ಬಂದಿತ್ತಲ್ಲ! ದಿನಾ ಕದ್ದು ಕದ್ದು ಎತ್ತಿದೆ. ನೋವು ಮಾತ್ರ ರಾಜಾರೋಷವಾಗಿ ಏರಿತು. ಬೀಗ ತೆಗೆಯಲು ಆಗದು, ಹಲ್ಲುಜ್ಜುವ ಬ್ರಷ್ ಹಿಡಿದರೆ ಕಣ್ಣಲ್ಲಿ ನೀರು. ಚೆಕ್ಕಿಗೆ ಸಹಿ ಹಾಕಿದರೆ ಅದು ನನ್ನ ಸಹಿಯೇ ಅಲ್ಲ ಎಂದು ಬ್ಯಾಂಕಿನವರು ವಾಪಸು ಕಳಿಸಿದರು! ಒಂದು ದಿನ ಊಟಕ್ಕೆ ಕುಳಿತಾಗ ಖಡಕ್ ರೊಟ್ಟಿ ಮುರಿಯಲಾಗದೆ ಅದನ್ನು ಮೊಣಕಾಲಿನ ಮೇಲೆ ಇಟ್ಟು ಒತ್ತುತ್ತಿದ್ದೆ. ಪುಷ್ಪಲತಾ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನ ಮಾಡಾಕತ್ತೀರಿ ಅದನ್ನ?"

"ರೊಟ್ಟಿ ಗಟ್ಟಿ ಐತಿ."

"ರೊಟ್ಟಿ ಮೊದಲಿನಂಗs ಐತಿ. ನಿಮಗs ಏನೋ ಆಗೇತಿ."

ನಾನು ಮಾತು ತೇಲಿಸಿ, ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿ ಬಚಾವಾದೆ.

ಶುಕ್ರವಾರ ಬಂತು. ಗೃಹಪ್ರವೇಶ ರವಿವಾರ. ಆಗ ನೆನಪಾದದ್ದು ಅಡುಗೆಮನೆಯ ಹಲಗೆಯ ಮೇಲಿನ ಸೀಸೆ. ಪಕ್ಕದ ಮನೆಯ ಹಾಜಿರಾಬಿ ಬೆಳ್ಳುಳ್ಳಿ, ಓಂಕಾಳು, ಕರ್ಪೂರ ಹಾಕಿ ನೋವಿನ ಎಣ್ಣೆ ಕಾಯಿಸುವುದರಲ್ಲಿ ಎತ್ತಿದ ಕೈ. ಅದರದೊಂದು ಸೀಸೆ ನಮ್ಮ ಮನೆಯಲ್ಲಿತ್ತು, ಅರ್ಧ ಖಾಲಿಯಾಗಿತ್ತು. ಅದು ನಮ್ಮ ಮನೆಗೆ ಯಾಕೆ ಬಂತು, ಅರ್ಧ ಖಾಲಿ ಮಾಡಿದವರು ಯಾರು ಎಂದೆಲ್ಲ ಯೋಚಿಸಲು ನನಗೆ ಪುರುಸೊತ್ತು ಎಲ್ಲಿತ್ತು?

ಬೆಳಗಿನ ಜಾವ ಹೆಂಡತಿ ನೀರು ತುಂಬಲು ಹೊರಗೆ ಹೋದಳು. ಕರೆಂಟು ಹೋಗಿತ್ತು. ಒಳ್ಳೆಯದೇ ಆಯಿತು ಎಂದು ಕತ್ತಲಲ್ಲೇ ತಡವರಿಸಿ, ಸೀಸೆ ತೆಗೆದು, ಎರಡೂ ಮುಂಗೈಗೆ ಸುರಿದು ಮೊಣಕೈಯಿಂದ ಬೆರಳಿನ ತುದಿಯವರೆಗೆ ತಿಕ್ಕಿದೆ. ಸಣ್ಣಗೆ ಚುರುಚುರು ಎಂದಿತು. ಆಹಾ! ಹಾಜಿರಾಬಿಯ ಎಣ್ಣೆ ಎಂದರೆ ಎಣ್ಣೆ! ನರನರಕ್ಕೂ ಇಳಿಯುತ್ತಿದೆ ಎಂದು ಖುಷಿಪಟ್ಟು ಇನ್ನೊಂದು ಬೊಗಸೆ ಸುರಿದುಕೊಂಡೆ.

ಕರೆಂಟು ಬಂತು.

ನನ್ನ ಎರಡೂ ಕೈ ಮೊಣಕೈಯವರೆಗೆ ಕೆಂಪು ಕೆಂಪು ಕೆಂಪು! ಕೊಡ ಹೊತ್ತು ಒಳಗೆ ಬಂದ ಪುಷ್ಪಲತಾ ಕೊಡವನ್ನು ಅಲ್ಲೇ ಬಿಟ್ಟಳು.

"ಅಯ್ಯ ನಮ್ಮವ್ವ! ಯಾರನ್ನ ಕಡದ್ರಿ?!"

ಆದದ್ದು ಇಷ್ಟೇ. ಹಾಜಿರಾಬಿಯ ಮಗ ಕೆಲಸ ಮಾಡುವುದು ಮೆಣಸಿನಕಾಯಿಯಿಂದ ಬಣ್ಣದೆಣ್ಣೆ ತೆಗೆಯುವ ಕಾರ್ಖಾನೆಯಲ್ಲಿ. ಅವನು ತಂದ ಆ ಎಣ್ಣೆಯದೊಂದು ಸೀಸೆಯನ್ನೂ ಆ ತಾಯಿ ನಮ್ಮ ಮನೆಗೆ ಕೊಟ್ಟಿದ್ದಳು. ಒಂದು ಹನಿ ಬಿಟ್ಟರೆ ಒಂದು ಪಾತ್ರೆ ಪಲ್ಯ ಕೆಂಪಾಗುತ್ತದೆ. ನಾನು ಹನಿ ಬಿಟ್ಟಿರಲಿಲ್ಲ, ಅಭ್ಯಂಜನ ಮಾಡಿದ್ದೆ! ಎರಡೂ ಎಣ್ಣೆ ಕೆಮ್ಮಿನ ಔಷಧದ ಒಂದೇ ಥರದ ಹಳೆಯ ಸೀಸೆಗಳಲ್ಲಿ, ಅದೇ ಹಲಗೆಯ ಮೇಲೆ ಇದ್ದವು.

ಇನ್ನು ಮುಚ್ಚಿಡುವುದೇನು! ಜಿಮ್ಮು, ರಾಡು, ಝಣ್ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ನೆಲದ ಮೇಲೆ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಪುಣ್ಯಾಕ್ಕ ನಮ್ಮ ಬ್ಯಾಡಗಿ ಕಾಯಿ ಎಣ್ಣಿ, ಬಣ್ಣ ಭಾಳ, ಖಾರ ಕಮ್ಮಿ. ಗುಂಟೂರಿಂದು ಆಗಿದ್ರ ಇಷ್ಟೊತ್ತಿಗೆ ನಿಮ್ಮನ್ನ ಬಾವ್ಯಾಗ ಇಳಿಬಿಡಬೇಕಾಗ್ತಿತ್ತು!"

ಸೋಪು, ಕಡಲೆಹಿಟ್ಟು, ನಿಂಬೆಹಣ್ಣು, ಎಲ್ಲದರಿಂದ ತಿಕ್ಕಿದರೂ ಬಣ್ಣ ಬಿಡದೆ ನಮ್ಮೂರ ಮಾನ ಕಾಪಾಡಿತು. ಹಾಗೆಯೇ ಕಚೇರಿಗೆ ಹೋದೆ. ಮುಟ್ಟಿದ ಕಡತಕ್ಕೆಲ್ಲ ಬೆರಳಚ್ಚು ಬಿತ್ತು. ಪಕ್ಕದ ಮೇಜಿನ ಶ್ರೀದೇವಿಯವರು ಕನ್ನಡಕ ಏರಿಸಿ ನೋಡಿ ಕೇಳಿಯೇಬಿಟ್ಟರು.

"ಏನ್ರಿ ಹಾಲಸಿದ್ದಪ್ಪನವರ, ಮೊಣಕೈ ಮಟಾ ಮೆಹಂದಿ? ಮತ್ತೊಂದು ಲಗ್ನ ಇಟ್ಕೊಂಡೀರೇನು? ಮನಿಯವ್ರಿಗೆ ಗೊತ್ತೈತಿಲ್ಲೋ?"

ಸಂಜೆ ಮನೆಗೆ ಬಂದಾಗ ಪುಷ್ಪಲತಾ ನಗುತ್ತಿರಲಿಲ್ಲ.

"ಚೀಲ ಪ್ರವೀಣ ಎತ್ತಲಿ ಬಿಡ್ರಿ. ನನಗೇನೂ ಅನಸೂದಿಲ್ಲ."

"ನನಗ ಅನಸ್ತೈತಿ! ನೀ ಅವತ್ತ ನೆಲಾ ನೋಡ್ಕೋತ ನಿಂತಿದ್ದು ನನ್ನ ಕಣ್ಣಾಗ ಐತಿ."

ಅವಳು ನನ್ನ ಪಕ್ಕದಲ್ಲಿ ಬಂದು ಕುಳಿತಳು. ಆಮೇಲೆ ಮೆತ್ತಗೆ ಹೇಳಿದಳು. "ಹಂಗಾದ್ರ ಕೇಳ್ರಿ. ಭಾರ ಎತ್ತೂದು ಕೈಲೇ ಅಲ್ಲ, ತೊಡಿಲೇ. ಕುಂತು, ಚೀಲಾನ ಎದಿಗೆ ಅವಚ್ಕೊಂಡು, ಅಂಗೈ ತಳಕ್ಕ ಕೊಟ್ಟು ಏಳಬೇಕು. ಬೆರಳಿಲೇ ಜಗ್ಗಿದ್ರ ಮುಂಗೈ ಹೋಗತಾವ."

"ನೀ ರೊಟ್ಟಿ ನೋಡ್ಕೋ. ಎತ್ತೂದು ನನಗ ಬಿಡು!" ಎಂದೆ. ಕೈ ನೋಯುತ್ತಿತ್ತೇ ಹೊರತು ಬಾಯಿಗೇನೂ ಆಗಿರಲಿಲ್ಲವಲ್ಲ!

ರವಿವಾರ ಬೆಳಿಗ್ಗೆ, ಎಣ್ಣೆಯ ಬಣ್ಣ ಎಣ್ಣೆಗೇ ಬಿಡುತ್ತದೆ ಎಂದು ಹಾಜಿರಾಬಿ ಹೇಳಿದ್ದಕ್ಕೆ ಎರಡೂ ಕೈಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡೆ. ತೊಳೆಯುವ ಮೊದಲೇ ಬಸ್ಸಿನ ಹೊತ್ತಾಯಿತು. ತುಂಬು ತೋಳಿನ ಅಂಗಿ ತೊಟ್ಟು, ತೋಳು ಇಳಿಬಿಟ್ಟುಕೊಂಡು ರಾಣೇಬೆನ್ನೂರಿನ ಮೇಲೆ ಹಲಗೇರಿಗೆ ಹೋದೆವು.

ಅಂಗಳದಲ್ಲಿ ಚೀಲ ಕುಳಿತಿತ್ತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಬಾರೋ ನೋಡೋಣ ಎನ್ನುವಂತೆ ಕುಳಿತಿತ್ತು. ನೂರು ಜನ ಸುತ್ತ ನಿಂತಿದ್ದರು. ಅತ್ತೆ ಮುತ್ತವ್ವ ಆರತಿ ಹಿಡಿದು ಕರೆದಳು, "ಬರ್ರಿ ಅಳಿಯಾರ, ತೋಳ ಏರಿಸ್ರಿ."

"ಹಿಂಗs ಎತ್ತತೇನಿ ಅತ್ತಿ!"

ಬಗ್ಗಿದೆ. ಎರಡು ತುದಿ ಹಿಡಿದು ಬೆರಳಿನಿಂದಲೇ ಜಗ್ಗಿದೆ. ಚೀಲ ಒಂದು ಗೇಣು ಎದ್ದಿತು! ಯಾರೋ ಶಿಳ್ಳೆ ಹೊಡೆದರು. ಮೊಣಕಾಲಿನ ಮಟ್ಟಕ್ಕೆ ಬಂತು. ಆಗ ಎರಡೂ ಮುಂಗೈ ಒಟ್ಟಿಗೆ ಝಣ್! ಎಣ್ಣೆ ಕೈಯಿಂದ ಚೀಲ ಜಾರಿ ನನ್ನ ಪಾದದ ಪಕ್ಕ ಧಪ್ಪೆಂದು ಕುಳಿತುಕೊಂಡಿತು. ನಾನು ತೂರಾಡಿ ಹೊಸ ಮನೆಯ ಗೋಡೆಗೆ ಅಂಗೈ ಊರಿದೆ. ನಿನ್ನೆಯಷ್ಟೇ ಸುಣ್ಣ ಬಳಿದ ಬೆಳ್ಳನೆಯ ಗೋಡೆ! ಕೈ ತೆಗೆದಾಗ ಅಲ್ಲಿ ಐದು ಬೆರಳು, ಒಂದು ಅಂಗೈ, ಕೆಂಪಗೆ, ಸ್ಪಷ್ಟವಾಗಿ ಮೂಡಿದ್ದವು.

ಅಂಗಳಕ್ಕೆ ಅಂಗಳವೇ ಗೋಡೆಯ ಕಡೆ ತಿರುಗಿತು. ಮುತ್ತವ್ವ ಗೋಡೆ ನೋಡಿದಳು, ನನ್ನ ಕೈ ನೋಡಿದಳು, ಮುಖ ಅರಳಿತು.

"ನೋಡ್ರಿ, ನೋಡ್ರಿ! ಅಳಿಯಾರು ಕುಂಕುಮದ ಕೈ ಮಾಡ್ಕೊಂಡು ಬಂದು ಹೊಸ ಮನಿಗೆ ಶುಭದ ಹಸ್ತಾ ಮೂಡಿಸ್ಯಾರ! ಇಷ್ಟು ತಿಳುವಳಿಕಿ ಯಾರಿಗೈತಿ?"

ಗೋಡೆ ಮಾನ ಉಳಿಸಿತು, ಚೀಲ ಉಳಿಸಲಿಲ್ಲ. ಅದು ಇನ್ನೂ ಹೊಸ್ತಿಲಿನ ಹೊರಗೇ ಇತ್ತು. ಪ್ರವೀಣಕುಮಾರ ನಗುತ್ತ ತೋಳು ಮಡಚಿ ಮುಂದೆ ಬಂದ. ನಾನು ಹೆಂಡತಿಯ ಕಡೆ ನೋಡುವ ಧೈರ್ಯವಿಲ್ಲದೆ ನೆಲ ನೋಡತೊಡಗಿದೆ.

"ಸರೀರಿ ಪ್ರವೀಣ. ಅದು ನಮ್ಮ ಚೀಲ."

ಪುಷ್ಪಲತಾ! ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಕುಂತಳು. ಚೀಲವನ್ನು ಎದೆಗೆ ಅವಚಿದಳು. ಎರಡೂ ಅಂಗೈಯನ್ನು ತಳಕ್ಕೆ ಕೊಟ್ಟಳು. ಬಳೆಯ ಹಿಂದೆ ಅವಳ ಮುಂಗೈ ನರ ಎದ್ದು ನಿಂತಿದ್ದನ್ನು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಕಂಡೆ. ಎದ್ದಳು! ಮುಖ ಕಿವುಚಲಿಲ್ಲ, ಏದುಸಿರು ಬಿಡಲಿಲ್ಲ. ಹೊಸ್ತಿಲಿಗೆ ಬಲಗಾಲು ಮುಂದಿಟ್ಟು ಒಳಗೆ ನಡೆದಳು, ದೇವರ ಕೋಣೆಯ ಮುಂದೆ ಮಗುವನ್ನು ಮಲಗಿಸಿದ ಹಾಗೆ ಇಳಿಸಿದಳು. ಎಂಥ ಎತ್ತುಗಾರಿಕೆ! ಖಲಂದರ ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದ.

"ಪದ್ಧತಿ ಪ್ರಕಾರ ಅಳಿಯನs ಎತ್ತಬೇಕಲ್ಲವಾ?" ಎಂದು ಯಾರೋ ಅಂದರು.

"ಅವರು ಹಸ್ತಾ ಕೊಟ್ರು, ನಾ ಚೀಲಾ ಕೊಟ್ಟೆ. ಎರಡೂ ಒಂದs ಮನಿಯಿಂದ ಬಂತು," ಎಂದಳು ಪುಷ್ಪಲತಾ. ತಲೆ ಎತ್ತಿಯೇ ಹೇಳಿದಳು. ಮುತ್ತವ್ವ ಮಗಳಿಗೆ ಮೊದಲ ಆರತಿ ಎತ್ತಿದಳು. ನಾನು ಕೈ ನೋವು ಮರೆತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ತಟ್ಟಿ "ಅಯ್ಯೋ!" ಎಂದೆ.

ಸಂಜೆ ಬ್ಯಾಡಗಿಗೆ ಮರಳಿ, ಚಹಾ ಕುಡಿಯುತ್ತ ಕುಳಿತಾಗ ಕೇಳಿದೆ.

"ಖರೇ ಹೇಳು. ಅಷ್ಟು ಭಾರ ಎತ್ತಿದಿ. ನಿನ್ನ ಮುಂಗೈ ನೋಯೂದಿಲ್ಲೇನು?"

ಅವಳು ಚಹಾದ ಬಸಿ ಕೆಳಗಿಟ್ಟಳು. "ನೋಯ್ತಾವ್ರಿ. ನೂರಿಪ್ಪತ್ತು ರೊಟ್ಟಿ ಬಡದ್ರ ನೋಯದs ಇರತಾವೇನು? ಹಾಜಿರಾಬಿ ಆ ಎಣ್ಣಿ ಮತ್ತ್ಯಾರಿಗೆ ಕೊಟ್ಟಿದ್ಲು ಅನ್ಕೊಂಡಿದ್ರಿ?"

"ಮತ್ತ ಒಂದ ದಿನಾನೂ ಹೇಳ್ಲಿಲ್ಲಲ್ಲ?"

"ನೀವು ಕೇಳಿದ್ದs ಇವತ್ತ."

ನನಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು. ಎದ್ದು ಮಬ್ಬುಗತ್ತಲಿನ ಅಡುಗೆಮನೆಗೆ ಹೋಗಿ, ಸೀಸೆ ತಂದು, ಅವಳ ಮುಂದೆ ಕುಳಿತೆ. "ಕೈ ಕೊಡು ಇಲ್ಲಿ. ಇವತ್ತ ನಾ ತಿಕ್ಕತೇನಿ."

ಅವಳ ಕಣ್ಣು ಒದ್ದೆಯಾದವು. ಕೈ ಚಾಚಿದಳು. ನಾನು ಮುಚ್ಚಳ ತಿರುಗಿಸುವಷ್ಟರಲ್ಲಿ ಗಬಕ್ಕನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ತಡೀರಿ, ತಡೀರಿ! ಮೊದ್ಲ ಲೈಟ್ ಹಚ್ರಿ!"

ಹಚ್ಚಿದೆ. ಕೆಂಪು ಎಣ್ಣೆಯ ಸೀಸೆಯೇ ಆಗಿತ್ತು.